ವರದಕ್ಷಿಣೆ ಬೇಡವಂತೆ, ಊಟ ಚೆನ್ನಾಗಿರಬೇಕಂತೆ!

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದಲ್ಲಿ ಈಗ 'ನಮಗೆ ವರದಕ್ಷಿಣೆ ಬೇಡ' ಎನ್ನುವ ಬೀಗರು ಸಿಗುತ್ತಾರೆ. ತೊಲ ಲೆಕ್ಕದಲ್ಲಿ ಬಂಗಾರ, ಎಕರೆ ಲೆಕ್ಕದಲ್ಲಿ ಗದ್ದೆ ಕೇಳುತ್ತಿದ್ದ ಮನೆತನಗಳೇ ಇಂದು ಕೈಮುಗಿದು 'ನಿಮ್ಮ ಮಗಳನ್ನು ಕೊಡಿ, ಸಾಕು' ಎನ್ನುವುದನ್ನು ನಾನೇ ಕೇಳಿದ್ದೇನೆ. ಕಾಲ ಬದಲಾಯಿತಲ್ಲ ಎಂದು ಸಂತೋಷಪಡುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: 'ಮದುವಿ ಮಾತ್ರ ಚೆಂದಾಗಿ ಮಾಡಿಕೊಡ್ರಿ. ಬಂದ ಮಂದಿ ಉಂಡು ಹೊಗಳಬೇಕು.'

ಈ ಎರಡನೆಯ ಮಾತಿನ ಬೆಲೆ ಎಷ್ಟು? ಅದನ್ನು ತೆರುವವರು ಯಾರು? ಅದಕ್ಕೆ ವರದಕ್ಷಿಣೆ ಎಂಬ ಹೆಸರು ಏಕೆ ಬರುವುದಿಲ್ಲ? ಮಹಿಳಾ ಚಳವಳಿಯಲ್ಲಿರುವ ನಾವು ಸೀಮೆಎಣ್ಣೆ, ಬೆಂಕಿ, ಬಾವಿ, ನೇಣು ಇವುಗಳ ಬಗ್ಗೆ ಮಾತಾಡಿದ್ದೇವೆ. ಸ್ಕೂಟರು, ಬಂಗಾರ, ರೊಕ್ಕದ ಬಗ್ಗೆ ಮಾತಾಡಿದ್ದೇವೆ. ಊಟದ ಬಗ್ಗೆ ಮಾತಾಡಲು ಮಾತ್ರ ನಮಗೂ ಸಂಕೋಚ. ಉಣ್ಣುವ ಅನ್ನಕ್ಕೆ ಲೆಕ್ಕ ಕೇಳಬಾರದು ಎಂದು ನಮಗೂ ನಮ್ಮ ಅವ್ವಂದಿರೇ ಕಲಿಸಿದ್ದಾರೆ. ಈ ಸಂಕೋಚದ ಮರೆಯಲ್ಲಿಯೇ ಇವತ್ತಿನ ವರದಕ್ಷಿಣೆ ಕುಳಿತಿದೆ ಎಂಬುದು ನನ್ನ ವಾದ. ಕ್ಯಾಟರಿಂಗ್‌ನವರ ಜೊತೆ ಮಾಡಿಕೊಳ್ಳುವ ಊಟದ ಗುತ್ತಿಗೆಯಲ್ಲಿ ಅಪ್ಪಣೆ ಗಂಡಿನ ಕಡೆಯದು, ಸಹಿ ಹೆಣ್ಣಿನ ತಂದೆಯದು, ಸಾಲ ಹೆಣ್ಣಿನ ತಾಯಿಯದು. ಮದುಮಗಳ ಪಾಲಿಗೆ ಉಳಿಯುವುದು ಎಂಜಲೆಲೆ.

ಅನುಭವವಿಲ್ಲದ ಗೆಳತಿಯರಿಗಾಗಿ ಈ ಗುತ್ತಿಗೆಯ ರೀತಿಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಎರಡು ಬಗೆ ಇವೆ. ಒಂದು, 'ಸಾಮಾನು ನಿಮ್ಮದು, ಕೂಲಿ ನಮ್ಮದು' ಎನ್ನುವುದು. ಅಡುಗೆಯವರು ಚೀಟಿ ಬರೆದು ಕೊಡುತ್ತಾರೆ: ಅಕ್ಕಿ ಇಷ್ಟು, ಬೇಳೆ ಇಷ್ಟು, ಎಣ್ಣೆ ಇಷ್ಟು, ಸಕ್ಕರೆ ಇಷ್ಟು. ಕಿರಾಣಿ ಅಂಗಡಿಯಿಂದ ತಂದು ಹಾಕುವುದು ಮನೆಯವರ ಕೆಲಸ, ಬೇಯಿಸಿ ಬಡಿಸುವುದು ಅವರ ಕೆಲಸ. ಇನ್ನೊಂದು ಪ್ಲೇಟ್ ಲೆಕ್ಕ. ಒಂದು ಎಲೆಗೆ ಇಷ್ಟು ಎಂದು ದರ, ಕನಿಷ್ಠ ಇಷ್ಟು ಎಲೆ ಎಂದು ಖಾತರಿ, ಒಂದಿಷ್ಟು ಅಡ್ವಾನ್ಸು. ಖಾತರಿ ಕೊಟ್ಟಷ್ಟು ಮಂದಿ ಬಾರದಿದ್ದರೂ ರೊಕ್ಕ ಕೊಡಬೇಕು, ಹೆಚ್ಚು ಬಂದರೆ ಹೆಚ್ಚಿನ ಎಲೆಗೂ ಕೊಡಬೇಕು. ಫಂಕ್ಷನ್ ಹಾಲುಗಳು ಬಂದಮೇಲೆ ಎರಡನೆಯದೇ ಹೆಚ್ಚು. ಮಾಡುವವರಿಗೆ ಸುಲಭ, ಮಾಡಿಸುವವರಿಗೂ ಸುಲಭ. ಗಂಡಿನ ಕಡೆಯವರಿಗಂತೂ ಬಹಳ ಸುಲಭ. ಬಾಯಿಂದ ಒಂದು ಸಂಖ್ಯೆ ಹೇಳಿದರೆ ಸಾಕು, ಅದು ತಾನೇ ರೂಪಾಯಿಯಾಗುತ್ತದೆ.

ಹೇಗೆ ಆಗುತ್ತದೆ ಎಂಬುದಕ್ಕೆ ನಾನು ಕುಳಿತು ನೋಡಿದ ಒಂದು ಮಾತುಕತೆಯನ್ನು ಹೇಳುತ್ತೇನೆ. ಸಿಂಧನೂರಿನ ಹತ್ತಿರದ ಒಂದು ಹಳ್ಳಿ. ಹುಡುಗಿ ನನಗೆ ಸಂಬಂಧಿ. ಹುಡುಗನ ಕಡೆಯವರು ಒಳ್ಳೆಯ ಮಂದಿ ಎಂದೇ ಹೆಸರು, 'ನಮಗೇನೂ ಬ್ಯಾಡ್ರಿ' ಎಂದವರು. ಕ್ಯಾಟರಿಂಗ್‌ನವನು ಪುಸ್ತಕ, ಪೆನ್ನು ಹಿಡಿದು ಚಾಪೆಯ ಮೇಲೆ ಕುಳಿತಿದ್ದ. ಹುಡುಗಿಯ ತಂದೆ ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದರು: ತಮ್ಮ ಕಡೆ 600 ಎಲೆ, ಬೀಗರ ಕಡೆ 500, ಒಟ್ಟು 1,100. ಎಲೆಗೆ 150 ರೂಪಾಯಿ. ಒಂದು ಸಿಹಿ, ಎರಡು ಪಲ್ಯ, ರೊಟ್ಟಿ, ಶೇಂಗಾ ಚಟ್ನಿ, ಪುಲಾವು, ಅನ್ನ, ಸಾರು, ಮಜ್ಜಿಗೆ. ಒಟ್ಟು 1,65,000.

ಹುಡುಗನ ಸೋದರಮಾವ ಚಹಾದ ಬಟ್ಟಲು ಕೈಯಲ್ಲಿ ಹಿಡಿದೇ ಮಾತು ಶುರು ಮಾಡಿದರು. 'ಒಂದು ಸಿಹಿ ಎಲ್ಲಾರ ಮನ್ಯಾಗೂ ಇರ್ತದರಿ. ಹೋಳಿಗಿ ಜೊತಿಗೆ ಇನ್ನೊಂದು ಏನರ ಇರಲಿ.' ಬರೆಯಲಾಯಿತು. 'ಗೋಬಿ ಈಗ ಎಲ್ಲಾ ಕಡೆ ಐತಿ.' ಬರೆಯಲಾಯಿತು. 'ಹುಡುಗರು ಐಸ್‌ಕ್ರೀಂ ಕೇಳ್ತಾವು.' ಬರೆಯಲಾಯಿತು. ದರ 180ಕ್ಕೆ ಏರಿತು. ಕೊನೆಗೆ, ಏಳುವ ಹೊತ್ತಿಗೆ, ಮರೆತದ್ದು ನೆನಪಾದಂತೆ, 'ನಮ್ಮ ಕಡೆ ಇನ್ನೊಂದು ನಾಕನೂರು ಮಂದಿ ಹೆಚ್ಚಿಗಿ ಹಿಡೀರಿ. ಊರೆಲ್ಲಾ ಹೇಳೀವಿ.' ಈಗ 1,500 ಎಲೆ, ಎಲೆಗೆ 180, ಒಟ್ಟು 2,70,000. ಚಹಾ ಆರುವಷ್ಟರಲ್ಲಿ 1,05,000 ರೂಪಾಯಿ ಹೆಚ್ಚಾಯಿತು. ಯಾರೂ ವರದಕ್ಷಿಣೆ ಕೇಳಲಿಲ್ಲ!

ನಮ್ಮ ಕಡೆಯ ಓದುಗರಿಗೆ ರೂಪಾಯಿಗಿಂತ ಚೀಲದ ಲೆಕ್ಕ ಬೇಗ ತಿಳಿಯುತ್ತದೆ. 2025-26ಕ್ಕೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ನಮ್ಮ 75 ಕಿಲೋ ಚೀಲಕ್ಕೆ ಸುಮಾರು 1,777 ಆಯಿತು. ಆ ಬೆಲೆ ಸಿಕ್ಕಿತೆಂದೇ ಇಟ್ಟುಕೊಂಡರೂ, ಆ ಹೆಚ್ಚಿನ 1,05,000 ಎಂದರೆ 59 ಚೀಲ ಭತ್ತ. ಇಡೀ ಊಟ 152 ಚೀಲ. ಎಕರೆಗೆ 40 ಚೀಲ ಬಂತೆಂದು ಹಿಡಿದರೆ ಸುಮಾರು ನಾಲ್ಕು ಎಕರೆಯ ಇಡೀ ಬೆಳೆ. ಅದರಲ್ಲಿ ಗೊಬ್ಬರ, ಎಣ್ಣೆ, ನಾಟಿ ಕೂಲಿ, ಕೊಯ್ಲಿನ ಮಿಷನ್ನಿನ ಬಾಡಿಗೆ ಯಾವುದನ್ನೂ ಕಳೆದಿಲ್ಲ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಬರುವ ಗದ್ದೆಯ ಮಾತಿದು. ಕೊನೆಯಂಚಿನ ಊರುಗಳಲ್ಲಿ, ಮಸ್ಕಿ ಕಡೆಯ ಒಣಬೇಸಾಯದಲ್ಲಿ ಈ ಲೆಕ್ಕವನ್ನು ಹಾಕುವುದಕ್ಕೂ ಆಗುವುದಿಲ್ಲ.

ಅಂದು ಕ್ಯಾಟರಿಂಗ್‌ನವನು ಒಂದು ಪ್ರಶ್ನೆ ಕೇಳಿದ. 'ಯಾರ ಹೆಸರಿಲೆ ಬರೀಲ್ರಿ?' ಕುಳಿತಿದ್ದ ಎಂಟು ಹತ್ತು ಗಂಡಸರ ಕಣ್ಣೂ ಹುಡುಗಿಯ ತಂದೆಯ ಕಡೆ ತಿರುಗಿತು. ಹುಡುಗಿಯ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹುಡುಗಿ ಒಳಗೆ ಎಲ್ಲಿಯೋ ಇದ್ದಳು, ಆಕೆಯನ್ನು ಯಾರೂ ಕರೆಯಲಿಲ್ಲ. ನಾನು ಕೇಳಿದೆ: 'ಆರ್ಡರ್ ಕೊಟ್ಟವರು ಇವರು, ಹೆಸರು ಅವರದು ಯಾಕ್ರಿ?' ನಕ್ಕರು. 'ಅಕ್ಕೋರ, ಅದು ಪದ್ಧತಿ ಐತ್ರಿ.' ನಾನು ಬಿಡಲಿಲ್ಲ. 'ಮೊದಲಿನ 1,100 ಎಲೆ ಪದ್ಧತಿ ಅಂತನೇ ಇಟ್ಕೊಳ್ರಿ. ಆಮ್ಯಾಲ ಸೇರಿದ ನಾಕನೂರು ಎಲೆ, ಐಸ್‌ಕ್ರೀಂ, ಇನ್ನೊಂದು ಸಿಹಿ, ಇವಷ್ಟು ನಿಮ್ಮ ಹೆಸರಿಲೆ ಬರೀಲಿ' ಎಂದೆ. ಕೆಲಹೊತ್ತು ಯಾರೂ ಮಾತಾಡಲಿಲ್ಲ. ಆ ಸೋದರಮಾವನಿಗೆ ಸಿಟ್ಟು ಬಂದಿತ್ತು. ಆದರೆ ಹುಡುಗನ ತಂದೆ, ಮರ್ಯಾದೆಸ್ಥರು, 'ಆಗಲಿ ಬರಿಯಪ್ಪಾ' ಎಂದುಬಿಟ್ಟರು.

ಮುಂದಿನದು ನೋಡಿ. ತಮ್ಮ ಹೆಸರಿಗೆ ಬರೆಯುತ್ತಾರೆಂದು ತಿಳಿದ ಕೂಡಲೇ ನಾಕನೂರು ಮಂದಿ ನೂರಾದರು. ಐಸ್‌ಕ್ರೀಂ ತಿಂದರೆ ಹುಡುಗರಿಗೆ ನೆಗಡಿ ಆಗುತ್ತದೆಂಬ ಜ್ಞಾನೋದಯವಾಯಿತು. ಎರಡನೆಯ ಸಿಹಿ, ಗೋಬಿ ಎರಡೂ ಬೇಡವಾದವು. ಊರೆಲ್ಲಾ ಕರೆದಿದ್ದ ಮುನ್ನೂರು ಮಂದಿ ಎಲ್ಲಿಗೆ ಹೋದರು? ಅವರು ಇರಲೇ ಇಲ್ಲ. ಬೇರೆಯವರ ರೊಕ್ಕದಲ್ಲಿ ಮಾತ್ರ ಹಸಿಯುವ ಮಂದಿ ಅವರು. ಮದುವೆ ನಿಲ್ಲಲಿಲ್ಲ, ಚೆನ್ನಾಗಿಯೇ ಆಯಿತು. ನನಗೆ ಮಾತ್ರ ಎರಡೂ ಕಡೆಯಲ್ಲಿ 'ಮನಿ ಮುರಿಯಾಕಿ' ಎಂಬ ಹೆಸರು ಬಂತು. ಇರಲಿ.

'ಪದ್ಧತಿ' ಎಂಬ ಈ ಮಾತನ್ನು ಸ್ವಲ್ಪ ಕೆದಕಬೇಕು. ಯಾವ ಕಾಲದ ಪದ್ಧತಿ ಇದು? ನಮ್ಮ ಅಜ್ಜಿಯರ ಕಾಲದಲ್ಲಿ ಬ್ರಾಹ್ಮಣೇತರ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ 'ತೆರ' ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಎಷ್ಟೋ ಕಡೆ ಮದುವೆ ನಡೆಯುತ್ತಿದ್ದುದು ಗಂಡಿನ ಮನೆಯ ಮುಂದಿನ ಹಂದರದಲ್ಲಿ, ಊಟ ಹಾಕುತ್ತಿದ್ದವರು ಗಂಡಿನವರು. ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಮದುವೆಗಳ ಬಗ್ಗೆ 1942ರಲ್ಲಿ ತಂದ ಪುಸ್ತಕದಲ್ಲಿ ಈ ತೆರದ ವಿಷಯವಿದೆ. ಇಂದಿನ ವರದಕ್ಷಿಣೆ ಹಳೆಯ ಸಂಪ್ರದಾಯದ ಮುಂದುವರಿಕೆಯಲ್ಲ, ಹೊಸ ಹಣ ಮತ್ತು ಹೊಸ ನೌಕರಿಗಳ ಜೊತೆ ಬಂದದ್ದು ಎಂದು ಅವರೇ 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ವಾದಿಸಿದರು. ನಮ್ಮಲ್ಲಿ ಆ ಹೊಸ ಹಣ ಬಂದದ್ದು ತುಂಗಭದ್ರಾ ಕಾಲುವೆಯ ನೀರಿನ ಜೊತೆಗೆ. ಜೋಳದ ಹೊಲ ಭತ್ತದ ಗದ್ದೆಯಾಯಿತು, ಕ್ಯಾಂಪುಗಳು ಎದ್ದವು, ರೈಸ್‌ಮಿಲ್ಲುಗಳು ಬಂದವು. ಹಂದರ ಹೋಗಿ ಶಾಮಿಯಾನ ಬಂತು, ಶಾಮಿಯಾನ ಹೋಗಿ ಫಂಕ್ಷನ್ ಹಾಲು ಬಂತು. ಎರಡು ತಲೆಮಾರಿನಲ್ಲಿ ಊಟದ ಹೊರೆ ಗಂಡಿನ ಹೆಗಲಿನಿಂದ ಹೆಣ್ಣಿನ ಹೆಗಲಿಗೆ ದಾಟಿದ್ದನ್ನು ಅನಾದಿ ಕಾಲದ ಪದ್ಧತಿ ಎನ್ನುತ್ತಾರೆ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಆ ಹಂದರದಲ್ಲಿ ರಾತ್ರಿಯಿಡೀ ರೊಟ್ಟಿ ತಟ್ಟುತ್ತಿದ್ದವರು ಓಣಿಯ ಹೆಂಗಸರು, ಕೂಲಿಯಿಲ್ಲದೆ. ದಲಿತರಿಗೆ ಊಟ ಸಿಗುತ್ತಿದ್ದುದು ಎಲ್ಲರದೂ ಆದಮೇಲೆ, ದೂರದಲ್ಲಿ. ಇನ್ನು ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರು ಬರೆಸಿದ ಅಶೋಕ ಬೇರೆ ಕಡೆ ಬರೆಸಿದ ಒಂಬತ್ತನೆಯ ಬಂಡೆ ಶಾಸನದಲ್ಲಿ, ಮಕ್ಕಳ ಮದುವೆ ಮುಂತಾದ ಸಂದರ್ಭಗಳಲ್ಲಿ ಹೆಂಗಸರು ಏನೇನೋ ನಿರರ್ಥಕ ಆಚರಣೆ ಮಾಡುತ್ತಾರೆ ಎಂದು ದೂರಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಆರೋಪ ಹೆಂಗಸಿನ ಮೇಲೆ! ಈಗಲೂ ಅಷ್ಟೇ, ಆಡಂಬರದ ಮದುವೆಯ ಬಗ್ಗೆ ಭಾಷಣ ಮಾಡುವವರು 'ಹೆಣ್ಣುಮಕ್ಕಳ ಹುಚ್ಚು' ಎಂದೇ ಶುರು ಮಾಡುತ್ತಾರೆ. ನಾನು ನೋಡಿದ ಯಾವ ಗುತ್ತಿಗೆಯ ಚಾಪೆಯ ಮೇಲೂ ಹೆಂಗಸು ಕುಳಿತಿರಲಿಲ್ಲ.

ಈಗ ಕಾನೂನಿಗೆ ಬರೋಣ. ವರದಕ್ಷಿಣೆ ನಿಷೇಧ ಕಾಯಿದೆ 1961ರದು. ಅದರ ಎರಡನೆಯ ಕಲಮು, ಮದುವೆಗೆ ಸಂಬಂಧಪಟ್ಟಂತೆ ಒಂದು ಪಕ್ಷದವರು ಇನ್ನೊಂದು ಪಕ್ಷದವರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೊಟ್ಟ ಅಥವಾ ಕೊಡಲು ಒಪ್ಪಿದ ಆಸ್ತಿ ಅಥವಾ ಬೆಲೆಬಾಳುವ ಭದ್ರತಾ ಪತ್ರವನ್ನು ವರದಕ್ಷಿಣೆ ಎನ್ನುತ್ತದೆ. ಮೊದಲು 'ಮದುವೆಯ ಪ್ರತಿಫಲವಾಗಿ' ಎಂದಿದ್ದುದನ್ನು ಮಹಿಳಾ ಸಂಘಟನೆಗಳ ಹೋರಾಟದ ಬಿಸಿಯಲ್ಲಿ 1984ರಲ್ಲಿ 'ಮದುವೆಗೆ ಸಂಬಂಧಪಟ್ಟಂತೆ' ಎಂದು ಬದಲಿಸಲಾಯಿತು. 1986ರ ತಿದ್ದುಪಡಿಯಿಂದ ಕೊಟ್ಟವರಿಗೂ ತೆಗೆದುಕೊಂಡವರಿಗೂ ಕನಿಷ್ಠ 5 ವರ್ಷ ಸಜೆ ಎಂದಾಯಿತು. ಕಾಗದದ ಮೇಲೆ ಗಟ್ಟಿ ಕಾನೂನೇ. ಆದರೆ ವಕೀಲರನ್ನು ಕೇಳಿದರೆ, 'ಊಟ ಆಸ್ತಿ ಹೆಂಗ ಆಗ್ತದ್ರಿ ಅಕ್ಕೋರ' ಎನ್ನುತ್ತಾರೆ. ಉಂಡದ್ದು ಮುಗಿಯಿತು, ಕೈಗೆ ಬಂದದ್ದು ಏನೂ ಇಲ್ಲ, ಹಾಗಾಗಿ ತೆಗೆದುಕೊಂಡವರೂ ಇಲ್ಲ. ನಾನು ಇದನ್ನು ಒಪ್ಪುವುದಿಲ್ಲ. ತನ್ನ ಬಳಗಕ್ಕೆ ತಾನು ಹಾಕಬೇಕಾದ ಊಟವನ್ನು ಇನ್ನೊಬ್ಬನ ರೊಕ್ಕದಲ್ಲಿ ಹಾಕಿಸಿದರೆ ಅಷ್ಟು ರೊಕ್ಕ ಅವನ ಜೇಬಿನಲ್ಲಿ ಉಳಿಯಿತಲ್ಲವೆ? 'ಪರೋಕ್ಷವಾಗಿ' ಎಂಬ ಪದವನ್ನು ಕಾಯಿದೆಯಲ್ಲಿ ಮತ್ತೇಕೆ ಇಟ್ಟರು?

ಊಟವನ್ನು ಕಾನೂನಿನೊಳಗೆ ತಂದ ಉದಾಹರಣೆ ಇಲ್ಲವೆಂದಲ್ಲ. 1976ರಲ್ಲಿ ಹರಿಯಾಣ ರಾಜ್ಯ ಈ ಕಾಯಿದೆಗೆ ತನ್ನದೇ ತಿದ್ದುಪಡಿ ತಂದು, 'ಮದುವೆ ಖರ್ಚು' ಎಂಬುದಕ್ಕೆ ವ್ಯಾಖ್ಯೆ ಕೊಟ್ಟಿತು. ದಿಬ್ಬಣದವರಿಗೆ ಬಡಿಸುವ ಊಟವೂ ಅದರಲ್ಲಿ ಸೇರಿತು. ಖರ್ಚು 5,000 ರೂಪಾಯಿ ಮೀರಿದರೆ ಅದೂ ವರದಕ್ಷಿಣೆಯೇ, ದಿಬ್ಬಣಕ್ಕೆ ಎರಡಕ್ಕಿಂತ ಹೆಚ್ಚು ಮುಖ್ಯ ಊಟ ಹಾಕುವಂತಿಲ್ಲ ಎಂದಿತು. ತುರ್ತುಪರಿಸ್ಥಿತಿಯ ಕಾಲದ ಕಾನೂನು, ಅದರಿಂದ ಹರಿಯಾಣದ ಹೆಣ್ಣುಮಕ್ಕಳು ಉದ್ಧಾರವಾದರೆಂದು ನಾನು ಹೇಳಲಾರೆ. ಆದರೆ ಊಟ ವರದಕ್ಷಿಣೆಯಾಗಲಾರದು ಎನ್ನುವ ವಕೀಲರಿಗೆ ಇದಿಷ್ಟು ಸಾಕು.

ಕಾನೂನಿನ ಮಾತು ಬಿಟ್ಟು ಮನೆಯೊಳಗೆ ನೋಡಿ. ಬಂಗಾರ ಕೊಟ್ಟರೆ, ಅದು ಆಕೆಯ ಸ್ತ್ರೀಧನ. ಗಂಡನ ಮನೆಯವರು ಕಸಿದುಕೊಂಡರೂ ಅದು ಆಕೆಯದೇ ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವರದಕ್ಷಿಣೆಯಾಗಿ ತೆಗೆದುಕೊಂಡದ್ದನ್ನು ಸಹ ಹೆಣ್ಣಿಗೆ ಹಿಂದಿರುಗಿಸಬೇಕು ಎಂದು ಕಾಯಿದೆಯ ಆರನೆಯ ಕಲಮು ಹೇಳುತ್ತದೆ. ಪಾತ್ರೆ ಪಡಗ, ಮಂಚ, ತಿಜೋರಿ, ಇವನ್ನಾದರೂ ಗಾಡಿಯಲ್ಲಿ ಹೇರಿಕೊಂಡು ವಾಪಸು ತಂದದ್ದನ್ನು ನಾವು ಕಂಡಿದ್ದೇವೆ. ಊಟವನ್ನು ಹೇಗೆ ವಾಪಸು ತರುವುದು?

1980ರಲ್ಲಿ ದೆಹಲಿಯ 'ಮಾನುಷಿ' ಪತ್ರಿಕೆ, ವರದಕ್ಷಿಣೆ ತೆಗೆದುಕೊಂಡ ಮದುವೆಗಳಿಗೆ ಹೋಗಬೇಡಿ ಎಂದು ಕರೆ ಕೊಟ್ಟಿತ್ತು. ಅದೇ ಪತ್ರಿಕೆಯ ಮಧು ಕಿಶ್ವರ್ 1988ರಲ್ಲಿ ಆ ಬಹಿಷ್ಕಾರವನ್ನು ಮರುಚಿಂತನೆ ಮಾಡಿ, ಆಸ್ತಿಯಲ್ಲಿ ಪಾಲಿಲ್ಲದ ಹೆಣ್ಣಿಗೆ ವರದಕ್ಷಿಣೆಯೂ ಇಲ್ಲವಾದರೆ ತವರಿನಿಂದ ಏನೂ ಸಿಕ್ಕಂತಾಗುವುದಿಲ್ಲ ಎಂಬ ವಾದ ಮಂಡಿಸಿದರು. ಚಳವಳಿಯಲ್ಲಿ ಅದಕ್ಕೆ ಬಹಳ ವಿರೋಧ ಬಂತು. ಆ ಚರ್ಚೆಯಲ್ಲಿ ಯಾರ ಪಕ್ಷವನ್ನಾದರೂ ವಹಿಸಿ, ಊಟದ ವಿಷಯಕ್ಕೆ ಬಂದಾಗ ಎರಡೂ ಕಡೆಯವರು ಒಂದೇ ಮಾತು ಹೇಳಬೇಕಾಗುತ್ತದೆ. ಹೆಣ್ಣಿನ ಹೆಸರಿನಲ್ಲಿ ತವರು ಮಾಡಿದ ಖರ್ಚಿನಲ್ಲಿ ಹೆಣ್ಣಿಗೆ ಒಂದು ಬಿಡಿಗಾಸೂ ಉಳಿಯದ ಖರ್ಚು ಇದೊಂದೇ.

ಉಳಿಯದಿದ್ದರೆ ಹೋಗಲಿ, ಈ ಊಟ ಆಕೆಯ ಪಾಲನ್ನೂ ತಿನ್ನುತ್ತದೆ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯ ರಾಜ್ಯ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಸಿಕ್ಕಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಚಿತ ಮಾಡಿತು. ಆದರೂ ನಮ್ಮ ತಾಲ್ಲೂಕುಗಳ ಉಪನೋಂದಣಿ ಕಚೇರಿಗಳ ಮುಂದೆ ಅಣ್ಣತಮ್ಮಂದಿರ ಹಿಂದೆ ಸೆರಗು ಹೊದ್ದು ಕುಳಿತ ಹೆಣ್ಣುಮಕ್ಕಳನ್ನು ಕಾಣುತ್ತೇವೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದವರು. ಏಕೆ ಬಿಟ್ಟುಕೊಟ್ಟಿ ತಂಗೀ ಎಂದು ಕೇಳಿದರೆ ಉತ್ತರ ಒಂದೇ: 'ನನ್ನ ಮದುವಿಗೆ ಭಾಳ ಖರ್ಚು ಮಾಡ್ಯಾರ್ರೀ ಅಕ್ಕಾ.' ಯಾವ ಖರ್ಚು? ಆಕೆ ನೋಡಿರದ ಆ 1,500 ಎಲೆಯ ಖರ್ಚು. ಗಂಡಿನ ಕಡೆಯವರು ಉಂಡು ಹೋದ ಊಟವನ್ನು ತವರಿನವರು ಮಗಳ ಹೊಲದ ಪಾಲಿಗೆ ಜಮಾ ಮಾಡುತ್ತಾರೆ. ಎರಡು ಮನೆಯ ಗಂಡಸರ ಮರ್ಯಾದೆಗೆ ಒಬ್ಬ ಹೆಣ್ಣಿನ ಭೂಮಿ ವಜಾ! ಗೆಳತಿಯರೇ, ಗಂಡಿನ ಕಡೆಯವರನ್ನು ಬಯ್ಯುವುದು ನಮಗೆ ಸುಲಭ. ನಮ್ಮ ಅಣ್ಣತಮ್ಮಂದಿರಿಗೂ ಈ ದೊಡ್ಡ ಊಟ ಲಾಭದ ಬಾಬತ್ತೇ ಎಂಬುದನ್ನು ಮಾತ್ರ ನಾವು ಬಾಯಿಬಿಟ್ಟು ಹೇಳುವುದಿಲ್ಲ.

ಮದುವೆಯಾದಮೇಲೆ ಆ ಊಟ ಮುಗಿಯುತ್ತದೆಯೆ? ನಮ್ಮ ಸಂಘಕ್ಕೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಮೈಮೇಲೆ ಬಾಸುಂಡೆ. ಮದುವೆಯಾಗಿ ಮೂರು ವರ್ಷ. ಕೊನೆಯ ಪಂಕ್ತಿಯಲ್ಲಿ ಕುಳಿತ ಗಂಡನ ಕಡೆಯ ಹಿರಿಯರಿಗೆ ಸಿಹಿ ಸಾಲದೆ ಬರೀ ಅನ್ನ ಸಾರು ಬಡಿಸಿದರೆಂಬುದು ಅತ್ತೆಯ ಸಿಟ್ಟು. ಮೂರು ವರ್ಷವಾದರೂ ಪ್ರತಿ ಜಗಳ ಅಲ್ಲಿಂದಲೇ ಶುರುವಾಗುತ್ತಿತ್ತು. 'ನಿಮ್ಮಪ್ಪ ನಮ್ಮ ಮಂದಿನ್ನ ಉಪವಾಸ ಎಬ್ಬಿಸಿದ' ಎಂಬ ಮಾತು, ಆಮೇಲೆ ಕೈ. ಪೊಲೀಸ್ ಠಾಣೆಯಲ್ಲಿ ಆಕೆಗೆ ಸಿಕ್ಕ ಉತ್ತರ, 'ಊಟದ ಸಲುವಾಗಿ ಕೇಸ್ ಏನು ಹಾಕ್ತಿ, ಹೋಗಮ್ಮಾ.' ಅದು ಬರೀ ಠಾಣೆಯವರ ದರ್ಪವಲ್ಲ, ಕಾನೂನಿನ ಸಂದಿಯೂ ಹೌದು. ಮುಗಿದುಹೋದ ಊಟಕ್ಕೆ ಹಂಗಿಸುವವರು ಹೊಸದಾಗಿ ಏನನ್ನೂ 'ಕೇಳು'ವುದಿಲ್ಲ. ಬೇಡಿಕೆ ಇಲ್ಲವೆಂದಮೇಲೆ ವರದಕ್ಷಿಣೆ ಕಿರುಕುಳ ಎಲ್ಲಿಂದ ಬಂತು ಎನ್ನುತ್ತಾರೆ.

ಇಲ್ಲಿ ಒಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಹಳೆಯ ದಂಡ ಸಂಹಿತೆಯ 498ಎ ಕಲಮು ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಆಗಿದೆ, ವರದಕ್ಷಿಣೆ ಸಾವಿನ 304ಬಿ ಈಗ 80. ಆ ಕ್ರೌರ್ಯದ ವ್ಯಾಖ್ಯೆಗೆ ಎರಡು ಭಾಗವಿದೆ. ಕಾನೂನುಬಾಹಿರ ಬೇಡಿಕೆ ಇರಬೇಕೆಂಬುದು ಎರಡನೆಯ ಭಾಗಕ್ಕೆ ಮಾತ್ರ. ಹೆಣ್ಣನ್ನು ಆತ್ಮಹತ್ಯೆಗೆ ದೂಡುವಂಥ, ಆಕೆಯ ದೇಹಕ್ಕೆ ಅಥವಾ ಮನಸ್ಸಿಗೆ ತೀವ್ರ ಹಾನಿ ಮಾಡುವಂಥ ನಡವಳಿಕೆ ಬೇಡಿಕೆಯಿಲ್ಲದೆಯೂ ಅಪರಾಧವೇ. ಕೌಟುಂಬಿಕ ಹಿಂಸೆಯಿಂದ ರಕ್ಷಣೆಯ 2005ರ ಕಾಯಿದೆ ಇನ್ನೂ ಮುಂದೆ ಹೋಗಿ, ಹೊಡೆತದ ಜೊತೆಗೆ ಅವಮಾನ, ಹಂಗಿಸುವಿಕೆಯನ್ನೂ ಹಿಂಸೆ ಎನ್ನುತ್ತದೆ. ಆ ಹೆಣ್ಣುಮಗಳಿಗೆ ನಾವು ಹಾಕಿಸಿದ್ದು ಈ ಕಾಯಿದೆಯ ಕೆಳಗಿನ ಅರ್ಜಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಠಾಣೆಯಲ್ಲಿ ಬಾಗಿಲು ಮುಚ್ಚಿದರೆ ಅಲ್ಲಿಗೆ ಹೋಗಿ. ದೇಶದಲ್ಲಿ ಈಗಲೂ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಪೊಲೀಸ್ ದಾಖಲೆಗೆ ಬರುತ್ತಿವೆ. ಅವುಗಳಲ್ಲಿ ಎಷ್ಟು ಹೆಣಗಳ ಹಿಂದೆ ಒಂದು ಕಡಿಮೆಬಿದ್ದ ಸಿಹಿಯ ಕಥೆ ಇದೆಯೋ, ಎಫ್‌ಐಆರ್‌ನಲ್ಲಿ ಅದಕ್ಕೆ ಜಾಗವಿಲ್ಲ.

ಸಾಲದ ಮಾತು. ಗುತ್ತಿಗೆಗೆ ಸಹಿ ತಂದೆಯದಾದರೂ ರೊಕ್ಕ ಹುಟ್ಟುವುದು ಎಷ್ಟೋ ಮನೆಗಳಲ್ಲಿ ತಾಯಿಯ ಸಂಘದಿಂದ. ಅಡತಿ ಅಂಗಡಿಯಲ್ಲಿ ಬರುವ ಬೆಳೆಯ ಮೇಲೆ ಒಂದಿಷ್ಟು, ಕಿರುಸಾಲದ ಕಂಪನಿಯಲ್ಲಿ ಹೆಂಗಸಿನ ಹೆಸರಿಗೆ ಒಂದಿಷ್ಟು. ಕಿರುಸಾಲದವರ ಕಾಟ ತಡೆಯಲಾರದೆ ಮನೆ ಬಿಟ್ಟವರ ಸುದ್ದಿ ರಾಜ್ಯವೆಲ್ಲ ಹಬ್ಬಿ, 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ವಸೂಲಿಯವರ ದೌರ್ಜನ್ಯ ಖಂಡಿತ ನಿಲ್ಲಬೇಕು. ಆದರೆ ಆ ಸಾಲ ಯಾವುದಕ್ಕೆ ಹೋಯಿತು ಎಂದು ಕೇಳಿದರೆ ಅಧಿಕಾರಿಗಳು 'ಮದುವೆ ಖರ್ಚು' ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಹೊಲಕ್ಕೆ ನಾಟಿಗೆ ಹೋಗುವ ತಾಯಿ ವಾರ ವಾರ ಕಟ್ಟುವ ಕಂತಿನಲ್ಲಿ ಬೀಗರ ಐಸ್‌ಕ್ರೀಂ ಸೇರಿದೆ ಎಂಬುದು ಯಾವ ಫಾರಂನಲ್ಲೂ ಇಲ್ಲ.

ಇನ್ನೊಬ್ಬರನ್ನೂ ಮರೆಯಬಾರದು. ಎಲೆಗೆ ಹತ್ತು ರೂಪಾಯಿ ಇಳಿಸಿ ಎಂದು ಹೆಣ್ಣಿನ ತಂದೆ ಚೌಕಾಶಿ ಮಾಡುತ್ತಾನೆ, ಪಾಪ, ಮಾಡಲೇಬೇಕು. ಆ ಹತ್ತು ರೂಪಾಯಿಯನ್ನು ಕ್ಯಾಟರಿಂಗ್‌ನವನು ಎಣ್ಣೆ ಅಂಗಡಿಯಲ್ಲಿ ಇಳಿಸಲಾರ, ಗ್ಯಾಸಿನಲ್ಲಿ ಇಳಿಸಲಾರ. ಇಳಿಸುವುದು ಉಳ್ಳಾಗಡ್ಡಿ ಹೆಚ್ಚುವ, ಮುಸುರೆ ತಿಕ್ಕುವ ಹೆಂಗಸರ ಕೂಲಿಯಲ್ಲಿ. ರಾತ್ರಿ ಎರಡು ಗಂಟೆಗೆ ಫಂಕ್ಷನ್ ಹಾಲಿನ ಹಿಂದಿನ ನಲ್ಲಿಯ ಕೆಳಗೆ ಕುಳಿತು ಡಬರಿ ತಿಕ್ಕುವವರನ್ನು ಒಮ್ಮೆ ಹೋಗಿ ಮಾತಾಡಿಸಿ. ಅವರ ಹೆಸರು ಯಾವ ಗುತ್ತಿಗೆಯಲ್ಲೂ ಇರುವುದಿಲ್ಲ. ಅವರಲ್ಲಿ ಬಹಳ ಮಂದಿ ಗಂಡ ಬಿಟ್ಟವರು, ಮಗಳ ಮದುವೆಯ ಸಾಲ ತೀರಿಸುತ್ತಿರುವವರು.

ಹಾಗಾದರೆ ಏನು ಮಾಡಬೇಕು? ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯಲ್ಲಿ ಮಂತ್ರ ಮಾಂಗಲ್ಯದ ದಾರಿ ತೋರಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ, ನಮ್ಮ ಕಡೆಯ ಮಠ, ಜಾತ್ರೆಗಳಲ್ಲೂ ನಡೆಯುತ್ತವೆ. ಒಳ್ಳೆಯದೇ. ಆದರೆ ಸಾಮೂಹಿಕದಲ್ಲಿ ತಾಳಿ ಕಟ್ಟಿಸಿ ಊರಿಗೆ ಬಂದು ಬೇರೆ ಊಟ ಹಾಕಿಸಿಕೊಂಡ ಬೀಗರನ್ನೂ ನಾನು ಬಲ್ಲೆ. ಸಂಸತ್ತಿನಲ್ಲೂ ಖಾಸಗಿ ಮಸೂದೆಗಳು ಬಂದವು. 2016ರ ರಂಜೀತ್ ರಂಜನ್ ಅವರ ಮಸೂದೆ, 5 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡುವವರು ಅದರ ಶೇಕಡ 10ರಷ್ಟನ್ನು ಬಡ ಹೆಣ್ಣುಮಕ್ಕಳ ಮದುವೆಗೆ ಕೊಡಬೇಕು ಎಂದಿತು. 2020ರ ಜಸ್ಬೀರ್ ಸಿಂಗ್ ಗಿಲ್ ಅವರ ಮಸೂದೆ ಅತಿಥಿಗಳು ಇಷ್ಟೇ, ಭಕ್ಷ್ಯಗಳು ಹತ್ತೇ ಎಂದು ಮಿತಿ ಹಾಕಲು ಹೊರಟಿತು. ಎರಡೂ ಕಾಯಿದೆಯಾಗಲಿಲ್ಲ. ಪರಿಸರದವರು ಬೇರೆ ಲೆಕ್ಕ ಕೊಡುತ್ತಾರೆ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆಂದು ಅಲ್ಲಿನ ಕೃಷಿ ವಿಶ್ವವಿದ್ಯಾಲಯ 2012ರಲ್ಲಿ ಹೇಳಿತ್ತು. ಈ ಅಂಕಿಯನ್ನು ಭಾಷಣದಲ್ಲಿ ಬಳಸುವವರು, ಹಾಳಾದ ಅನ್ನದ ಬಿಲ್ಲು ಕಟ್ಟಿದವರು ಯಾರು ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಮಂದಿಯನ್ನು, ಭಕ್ಷ್ಯವನ್ನು, ಟನ್ನುಗಳನ್ನು ಎಣಿಸಿದರೆ ಸಾಲದು. ಹತ್ತು ಭಕ್ಷ್ಯವಿರಲಿ, ನಾಲ್ಕಿರಲಿ, ಹೇಳಿದವರೇ ತೆರಬೇಕು.

'ಬಡವರು ಸಹ ಮಗಳ ಮದುವೆಯಲ್ಲಿ ನಾಲ್ಕು ಮಂದಿಗೆ ಊಟ ಹಾಕಬಾರದೇ?' ಎಂದು ಕೇಳುತ್ತಾರೆ. ಹಾಕಲಿ, ಸಂತೋಷವಾಗಿ ಹಾಕಲಿ, ತಮ್ಮ ಮಂದಿಗೆ. ಬೀಗರ ಮಂದಿಗೆ ಬೀಗರು ಹಾಕಲಿ. 'ಎರಡೂ ಕಡೆ ಅರ್ಧ ಅರ್ಧ' ಎಂಬ ಮಾತಿಗೂ ನಾನು ಒಪ್ಪುವುದಿಲ್ಲ. ಅಪ್ಪಣೆ ಪೂರ್ತಿ ಒಂದು ಕಡೆಯದಾಗಿ ಖರ್ಚು ಮಾತ್ರ ಅರ್ಧವಾದರೆ ಅದೂ ಮೋಸವೇ.

ನಮ್ಮ ಸಂಘದಲ್ಲಿ ಈಗ ಮಾಡಿಕೊಂಡಿರುವುದು ಇಷ್ಟು. ಗುತ್ತಿಗೆಯ ಕಾಗದ ಬರೆಯದೆ ಅಡ್ವಾನ್ಸು ಕೊಡುವುದಿಲ್ಲ. ಕಾಗದದಲ್ಲಿ ಎರಡು ಕಾಲಂ: ಹೆಣ್ಣಿನ ಕಡೆ ಎಲೆ ಎಷ್ಟು, ಗಂಡಿನ ಕಡೆ ಎಲೆ ಎಷ್ಟು. ಆಯಾ ಕಾಲಂನ ಕೆಳಗೆ ಆಯಾ ಕಡೆಯವರ ಸಹಿ, ಅಡ್ವಾನ್ಸು ಬೇರೆ ಬೇರೆ. ಒಂದು ಭಕ್ಷ್ಯ ಹೆಚ್ಚಿಸಿದರೆ ಹೆಚ್ಚಿಸಿದವರ ಕಾಲಂನಲ್ಲಿ ದರ ಏರುತ್ತದೆ. ಹುಡುಗಿಯನ್ನು, ಆಕೆಯ ತಾಯಿಯನ್ನು ಚಾಪೆಯ ಮೇಲೆ ಕೂರಿಸಿಯೇ ಬರೆಯಬೇಕು. ಬಿಲ್ಲು ಬೇಡವೆಂದರೆ ರೇಟು ಕಡಿಮೆ ಮಾಡುತ್ತೇನೆ ಎನ್ನುವ ಕ್ಯಾಟರಿಂಗ್‌ನವರಿದ್ದಾರೆ, ಆ ಆಸೆಗೆ ಬೀಳಬಾರದು. ಕಾಗದವಿಲ್ಲದ ಊಟಕ್ಕೆ ಮುಂದೆ ಸಾಕ್ಷಿ ಇಲ್ಲ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದು ಸಹಿ ಮಾಡಿ ಇಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಆ ಪಟ್ಟಿಯ ಜೊತೆಗೆ ಊಟದ ಗುತ್ತಿಗೆಯ ಪ್ರತಿಯನ್ನೂ ಪಿನ್ನು ಹೊಡೆದು ಹುಡುಗಿಯ ಕೈಯಲ್ಲಿ ಕೊಡಬೇಕು. ಕೊಟ್ಟವರೂ ತಪ್ಪಿತಸ್ಥರಲ್ಲವೆ ಎಂದು ತಂದೆತಾಯಿ ಹೆದರುತ್ತಾರೆ. ನೊಂದವರು ಕೊಟ್ಟ ಹೇಳಿಕೆಯ ಆಧಾರದಲ್ಲಿ ಅವರ ಮೇಲೆಯೇ ಈ ಕಾಯಿದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ಅದರ ಏಳನೆಯ ಕಲಮಿನ ಮೂರನೆಯ ಭಾಗದಲ್ಲಿದೆ, ಇದನ್ನು ಅವರಿಗೆ ಓದಿ ಹೇಳಬೇಕು. ಮತ್ತು ಮುಸುರೆ ತಿಕ್ಕುವವರ ಕೂಲಿ ಎಷ್ಟು, ಯಾವಾಗ ಕೊಡುವುದು ಎಂಬ ಒಂದು ಸಾಲು ಆ ಕಾಗದದಲ್ಲಿ ಇರಲೇಬೇಕು.

ಎರಡು ಕಾಲಂನ ಕಾಗದಕ್ಕೆ ಬೀಗರು ಒಪ್ಪದಿದ್ದರೆ? ಇಬ್ಬರು ಒಪ್ಪಲಿಲ್ಲ. ಒಂದು ಕಡೆ ಹೆಣ್ಣಿನ ತಂದೆಯೇ ಹಿಂಜರಿದು ಹಳೆಯ ರೀತಿಯಲ್ಲೇ ಸಹಿ ಮಾಡಿದರು. ಇನ್ನೊಂದು ಕಡೆ ಹುಡುಗಿ ಒಳಗಿನಿಂದ ಎದ್ದು ಬಂದು, ಕಾಗದ ತಾನೇ ಓದಿ, ಸಂಬಂಧ ಬೇಡ ಎಂದಳು. ಆಕೆ ಈಗ ಲಿಂಗಸುಗೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಮಾಘ ಮಾಸದಿಂದ ಮತ್ತೆ ಲಗ್ನಗಳು ಶುರುವಾಗುತ್ತವೆ. ಕಾಗದದ ನಮೂನೆ ಬೇಕಾದವರು ಮೊದಲೇ ಬಂದು ಒಯ್ಯಬಹುದು. ಎಲೆಯ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟಿದ್ದೇವೆ.